ಅರ್ಧ ಟಿಕೆಟ್ಟಿನ ಆಚೆ

ಗಂಡುಹುಡುಗರ ವಿಷಯದಲ್ಲಿ ಬಸ್ಸಿನ ಕಂಡಕ್ಟರಿಗೆ ಗೊತ್ತಿರುವ ವಯಸ್ಸು ಎರಡೇ: ಅರ್ಧ ಟಿಕೆಟ್ಟಿನದು, ಪೂರ್ತಿ ಟಿಕೆಟ್ಟಿನದು. 12 ದಾಟಿತೋ, ಮೀಸೆ ಬಂದಿರಲಿ ಬಿಡಲಿ, ಪೂರ್ತಿ ಹಣ ಕೊಡಬೇಕು. ಪ್ರಯಾಣಕ್ಕೆ ಈ ಲೆಕ್ಕ ಸಾಕು. ಕಾಯಿಲೆಗೆ ಸಾಲದು ಎಂಬುದು ನನಗೆ ಮನವರಿಕೆಯಾದದ್ದು ನನ್ನ ಸೋದರಳಿಯನ ದೆಸೆಯಿಂದ.

ಹುಡುಗನಿಗೆ ಹದಿನಾಲ್ಕು. ಮನೆ ತರಗುಪೇಟೆಯ ಒಂದು ಅಂಗಡಿಯ ಮೇಲಿನ ಮಹಡಿ. ಕೆಳಗೆ ಹಗಲೆಲ್ಲ ಬೇಳೆಕಾಳಿನ ಮೂಟೆಗಳ ತೂಕ. ಮೇಲೆ ಈತನ ತೂಕ ಮಾತ್ರ ಏರಲೊಲ್ಲದು. ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಗ್ಗೆ ಎದ್ದೊಡನೆ ತಲೆಸುತ್ತು. "ಸೋಮಾರಿತನ" ಎಂದರು ಭಾವ. "ದೃಷ್ಟಿ" ಎಂದಳು ಅಕ್ಕ.

ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಕ್ಕಳ ವಿಭಾಗದಲ್ಲಿ, "ಇಷ್ಟು ದೊಡ್ಡವನನ್ನು ಇಲ್ಲಿಗೇಕೆ ತಂದಿರಿ?" ಎಂದರು. ದೊಡ್ಡವರ ವಿಭಾಗದಲ್ಲಿ ಕೀಲುನೋವಿನ ಮುದುಕರ ನಡುವೆ ಎರಡು ಗಂಟೆ ಕುಳಿತೆವು. ಒಳಗೆ ಹೋದರೆ ವೈದ್ಯರು ಪ್ರಶ್ನೆಗಳನ್ನೆಲ್ಲ ನನಗೇ ಹಾಕಿದರು. ಹುಡುಗನಿಗೆ ಹಸಿವಾಗುತ್ತದೆಯೇ, ನಿದ್ದೆ ಬರುತ್ತದೆಯೇ ಎಂಬುದು ಮಾವನಿಗೇನು ಗೊತ್ತು? ಹುಡುಗ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಟಾನಿಕ್ಕಿನ ಒಂದು ಚೀಟಿಯೊಡನೆ ಹಿಂದಿರುಗಿದೆವು.

ಹದಿನೈದು ದಿನ ಕಳೆದ ಮೇಲೆ ಬೇರೊಂದು ಕಡೆ ಕಂಡ ವೈದ್ಯೆ ಮೊದಲು ಮಾಡಿದ ಕೆಲಸ ನನ್ನನ್ನು ಆಚೆ ಕಳಿಸಿದ್ದು. "ಹತ್ತು ನಿಮಿಷ ಹೊರಗೆ ಕೂತಿರಿ, ಯಜಮಾನರೆ." ಹತ್ತು ನಿಮಿಷ ಇಪ್ಪತ್ತೈದಾಯಿತು. ರಕ್ತ ಕಡಿಮೆ ಎಂದು ಪರೀಕ್ಷೆ ಹೇಳಿತು. ಕಾರಣವನ್ನು ಹುಡುಗ ಹೇಳಿದ್ದ: ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ ತಾನೇ, ಗೆಳೆಯರ ಹಾಸ್ಯಕ್ಕೆ ಹೆದರಿ ಮಧ್ಯಾಹ್ನ ಅವರೊಡನೆ ಕೂತು ಡಬ್ಬಿ ಬಿಚ್ಚುವುದನ್ನೇ ಬಿಟ್ಟಿದ್ದ. ಇಷ್ಟನ್ನು ನನಗೆ ತಿಳಿಸಬಹುದೆಂದು ಅವನೇ ಒಪ್ಪಿದನಂತೆ. ಬೇರೇನು ಮಾತಾಯಿತೋ, ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ.

ಹೆಣ್ಣುಮಕ್ಕಳು 12ರ ಸುಮಾರಿಗೆ ಸರ್ರನೆ ಬೆಳೆಯುತ್ತಾರೆ. ಗಂಡುಮಕ್ಕಳು ಸುಮಾರು ಎರಡು ವರ್ಷ ತಡವಾಗಿ, ಕೆಲವರು ಇನ್ನೂ ತಡವಾಗಿ. ಬೆಳೆಯುವ ಮೈ ಕಬ್ಬಿಣದ ಅಂಶವನ್ನು ಹೆಚ್ಚು ಬೇಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇಕಡ 59, ಹುಡುಗರಲ್ಲಿ ಶೇಕಡ 31 ಮಂದಿಗೆ ರಕ್ತಹೀನತೆ ಕಂಡುಬಂದಿತು. ಇನ್ಸುಲಿನ್ ಚುಚ್ಚಿಕೊಳ್ಳುವ ಮಕ್ಕಳಿಗೆ ಅದರ ಪ್ರಮಾಣ ಹೆಚ್ಚಾಗಬೇಕಾಗುವುದೂ ಇದೇ ವಯಸ್ಸಿನಲ್ಲಿ. ಗೆಳೆಯರೆದುರು ಸೂಜಿ ತೆಗೆಯಲು ನಾಚಿಕೆಯಾಗುವುದೂ ಆಗಲೇ. ಮೈ ಒಂದು ಕಡೆ ಎಳೆದರೆ ಮನಸ್ಸು ಇನ್ನೊಂದು ಕಡೆ.

ಸರ್ಕಾರಕ್ಕೆ ಇದು ತಿಳಿಯದ್ದಲ್ಲ. 10ರಿಂದ 19 ವಯಸ್ಸಿನವರಿಗಾಗಿ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಹದಿಹರೆಯದವರಿಗೆಂದೇ ಇರುವ ಚಿಕಿತ್ಸಾಲಯಕ್ಕೆ ನಮ್ಮ ರಾಜ್ಯದಲ್ಲಿ 'ಸ್ನೇಹ ಕ್ಲಿನಿಕ್' ಎಂಬ ಹೆಸರು. ಹೆಸರೇನೋ ಸೊಗಸಾಗಿದೆ, ಆದರೆ ಪೇಟೆಯ ಬಾಯಲ್ಲಿ ಅದು ಇನ್ನೂ ಬಳಕೆಗೆ ಬಂದಿಲ್ಲ. ಹೆಂಗಸರಿಗೆ, ಮಕ್ಕಳಿಗೆ ವಾಣಿವಿಲಾಸ, ಕಣ್ಣಿಗೆ ಮಿಂಟೋ, ಮಿಕ್ಕದ್ದಕ್ಕೆ ವಿಕ್ಟೋರಿಯಾ—ತರಗುಪೇಟೆಯವರ ಹಂಚಿಕೆ ಇದು. ಹದಿನಾಲ್ಕರವರಿಗೆ ಎಲ್ಲಿ ಎಂದು ಕೇಳಿನೋಡಿ, ನಾಲಗೆ ತಡವರಿಸುತ್ತದೆ.

ಹೊಸ ಕಟ್ಟಡಗಳು ಏಳುವುದು ಏಳಲಿ. ಅಲ್ಲಿಯವರೆಗೆ, ಮುಚ್ಚಿಕೊಳ್ಳುವ ಒಂದು ಬಾಗಿಲು, ಅದರ ಹೊರಗೆ ಒಂದು ಬೆಂಚು ಎಲ್ಲ ವೈದ್ಯರಲ್ಲೂ ಇರುವಂಥವೇ. ಬೆಂಚಿನ ಮೇಲೆ ಸುಮ್ಮನೆ ಕೂತಿರುವ ತಾಳ್ಮೆಯನ್ನು ಮಾತ್ರ ನಾವು ಹಿರಿಯರು ಮನೆಯಿಂದ ತರಬೇಕು.