ಹಿಮಕರಡಿಯ ಜಮಾ-ಖರ್ಚು

ಟಿ.ವಿ.ಯಲ್ಲಿ ಹಿಮಕರಡಿ ನೋಡುತ್ತಿದ್ದ ಮೊಮ್ಮಗಳು, "ತಾತ, ಇದು ಬರೀ ಮಲಗೇ ಇರುತ್ತಲ್ಲ, ಎಂಥ ಸೋಮಾರಿ!" ಅಂದಳು. ವರ್ಷಗಟ್ಟಲೆ ಬ್ಯಾಂಕಿನ ಲೆಡ್ಜರ್ ಬರೆದ ನನಗೆ ಮಾತ್ರ ಅದು ಪಕ್ಕಾ ಲೆಕ್ಕದ ಆಸಾಮಿಯಾಗಿ ಕಂಡಿತು.

ಹೆಪ್ಪುಗಟ್ಟಿದ ಸಮುದ್ರವೇ ಹಿಮಕರಡಿಯ ಬೇಟೆಯ ಬಯಲು. ನೀರಿನಡಿ ಇರುವ ಸೀಲ್ ಪ್ರಾಣಿ ಉಸಿರಾಡಲು ಮೇಲೆ ಬರಲೇಬೇಕು. ಅದು ಮಂಜುಗಡ್ಡೆಯಲ್ಲಿ ಮಾಡಿಕೊಂಡ ಕಿಂಡಿಯ ಪಕ್ಕ ಕರಡಿ ಅಲುಗಾಡದೆ ಕಾಯುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ. ಅಟ್ಟಿಸಿಕೊಂಡು ಹೋಗಬಾರದೇ ಎಂದರೆ, ಕೊಬ್ಬು ಹೊದ್ದ ಆ ಭಾರಿ ಮೈ ಸ್ವಲ್ಪ ಓಡಿದರೂ ಬಿಸಿಯೇರುತ್ತದೆ. ಇಷ್ಟು ಕಾದರೂ ಹೆಚ್ಚಿನ ಸಲ ಬೇಟೆ ತಪ್ಪುತ್ತದೆ. ಸಿಕ್ಕಿತೋ, ಮೊದಲು ತಿನ್ನುವುದು ಚರ್ಮದಡಿಯ ಕೊಬ್ಬು. ಮಾಂಸವನ್ನು ಎಷ್ಟೋ ಸಲ ನರಿಗಳಿಗೆ ಬಿಟ್ಟುಬಿಡುತ್ತದೆ. ದುಂದುಗಾರಿಕೆ ಎನ್ನಬೇಡಿ. ಒಂದು ಗ್ರಾಂ ಪ್ರೋಟೀನ್‌ನಿಂದ 4 ಕಿಲೋಕ್ಯಾಲೊರಿ ಸಿಕ್ಕರೆ ಕೊಬ್ಬಿನಿಂದ 9 ಸಿಗುತ್ತದೆ!

ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ ಬೇಸಿಗೆಗೆ ಮಂಜುಗಡ್ಡೆ ಪೂರ್ತಿ ಕರಗುತ್ತದೆ. ಕರಡಿಗಳು ದಡಕ್ಕೆ ಬಂದು, ನವೆಂಬರ್ ಹೊತ್ತಿಗೆ ಸಮುದ್ರ ಮತ್ತೆ ಹೆಪ್ಪುಗಟ್ಟುವ ತನಕ ಕಾಯಬೇಕು. ಜಮಾ ಇಲ್ಲ, ಖರ್ಚು ಮಾತ್ರ. ಸಂಬಳ ನಿಂತ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತದೆ. 2019ರಿಂದ 2022ರ ನಡುವಿನ ಬೇಸಿಗೆಗಳಲ್ಲಿ ವಿಜ್ಞಾನಿಗಳು ಅಲ್ಲಿನ 20 ಕರಡಿಗಳ ಕೊರಳಿಗೆ ಕ್ಯಾಮೆರಾ ಕಟ್ಟಿ, ಒಂದೊಂದನ್ನೂ ಸುಮಾರು ಮೂರು ವಾರ ಗಮನಿಸಿದರು. ಕೆಲವು ಹೆಚ್ಚು ಹೊತ್ತು ಮಲಗಿಯೇ ಇದ್ದವು. ಕೆಲವು ಹಣ್ಣು, ಹುಲ್ಲು, ಹಕ್ಕಿ, ಹಳೆಯ ಮೂಳೆ ಹುಡುಕಿ ತಿಂದವು. ಮೂರು ಕರಡಿಗಳು ಬಹುದೂರ ಈಜಿದವು. ಕೊನೆಗೆ ತೂಗಿದಾಗ 20ರಲ್ಲಿ 19 ಇಳಿದಿದ್ದವು, ಸರಾಸರಿ ದಿನಕ್ಕೆ ಸುಮಾರು ಒಂದು ಕಿಲೋ. ಮಲಗಿದ್ದಕ್ಕೂ ಅಲೆದದ್ದಕ್ಕೂ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ತಿಂದು ಗಳಿಸಿದ್ದು ಹುಡುಕಾಟದ ಖರ್ಚಿಗೇ ಸರಿಹೋಗಿತ್ತು.

ಭೂಮಿ ಬಿಸಿಯಾಗುತ್ತಿರುವುದರಿಂದ ಮಂಜುಗಡ್ಡೆ ಈಗ ಮೊದಲಿಗಿಂತ ಬೇಗ ಕರಗುತ್ತಿದೆ. ಸೀಲ್ ಮರಿಗಳು ಕೊಬ್ಬಿ ಬೆಳೆಯುವ ವಸಂತದ ದಿನಗಳೇ ಕರಡಿಯ ಸುಗ್ಗಿ. ಆ ಸುಗ್ಗಿಯ ಕೊನೆಯ ವಾರಗಳೇ ಕೈತಪ್ಪುತ್ತಿವೆ. ಎಲ್ಲಕ್ಕಿಂತ ಕಷ್ಟ ಬಸುರಿ ಕರಡಿಗೆ. ಅದು ದಡಕ್ಕೆ ಬಂದದ್ದು ಹಾಗೇ ಗುಹೆ ಸೇರಿ, ಚಳಿಗಾಲದಲ್ಲಿ ಮರಿ ಹಾಕಿ, ಮುಂದಿನ ವಸಂತದವರೆಗೆ ಹಾಲೂಡಿಸುತ್ತದೆ. ಒಟ್ಟು ಎಂಟು ತಿಂಗಳವರೆಗೂ ಉಪವಾಸ. ಹುಟ್ಟುವಾಗ ಮರಿಯ ತೂಕ ಬರೀ ಅರ್ಧ ಕಿಲೋ ಚಿಲ್ಲರೆ. ಅದು ಮಂಜುಗಡ್ಡೆಯ ಮೇಲೆ ನಡೆಯುವಷ್ಟು ದೊಡ್ಡದಾಗುವುದು, ತಾಯಿ ಹಿಂದಿನ ಸುಗ್ಗಿಯಲ್ಲಿ ಮೈಯೊಳಗೆ ಕೂಡಿಟ್ಟ ಕೊಬ್ಬಿನಿಂದಲೇ.