ಹೊಸಪೇಟೆಯ ಅಪ್ಪು

ಹಂಪಿ ಬಜಾರಿನಲ್ಲಿ ಸ್ವಲ್ಪ ಹೊತ್ತು ನಿಂತು ಹೊಸಪೇಟೆ ಕಡೆಯಿಂದ ಬರೋ ಆಟೋಗಳನ್ನ ನೋಡಿ. ವಿರೂಪಾಕ್ಷನ ಹೆಸರು ಎಲ್ಲಿದೆಯೋ ಅಲ್ಲೇ ಅಪ್ಪುವಿನ ನಗುವೂ ಇರುತ್ತೆ.

2021ರ ಅಕ್ಟೋಬರ್ 29, ಶುಕ್ರವಾರ. ನಮ್ಮ ಹೊಸ ವಿಜಯನಗರ ಜಿಲ್ಲೆಯ ಉದ್ಘಾಟನೆಯ ಸಂಭ್ರಮಕ್ಕೆ ಇನ್ನೂ ತಿಂಗಳು ತುಂಬಿರಲಿಲ್ಲ. ನಮ್ಮ ಅಪ್ಪು, ನಟ ಪುನೀತ್ ರಾಜ್‌ಕುಮಾರ್ ಇಲ್ಲ ಅನ್ನೋ ಸುದ್ದಿ ಬಂತು. 46 ವರ್ಷ. ಸಾಯೋ ವಯಸ್ಸಾ ಅದು? ಈ ಪ್ರಶ್ನೆ ನಮ್ಮ ಕಡೆ ಇವತ್ತಿಗೂ ನಿಂತಿಲ್ಲ.

ಹೊರಗಿನವರನ್ನೂ ಒಂದೊಂದು ಊರು ತನ್ನವರು ಅಂದುಕೊಳ್ಳುತ್ತೆ. ಫುಟ್‌ಬಾಲ್ ಆಟಗಾರ ಮರಡೋನಾ ತೀರಿಕೊಂಡಾಗ ಇಟಲಿಯ ನೇಪಲ್ಸ್ ನಗರ ತನ್ನ ಕ್ರೀಡಾಂಗಣಕ್ಕೇ ಅವನ ಹೆಸರಿಟ್ಟಿತು. ಅವನು ಹುಟ್ಟಿದ್ದು ಆ ಊರಲ್ಲಲ್ಲ. ಅಪ್ಪು ಕೂಡ ಹೊಸಪೇಟೆಯವರಲ್ಲ, ಹುಟ್ಟಿದ್ದು ಮದ್ರಾಸಿನಲ್ಲಿ. ಆದರೂ 2022ರ ಜೂನ್‌ನಲ್ಲಿ ಅವರ ಪುತ್ಥಳಿ ಹೊಸಪೇಟೆಯ ವೃತ್ತದಲ್ಲಿ ಎದ್ದು ನಿಂತಿತು. ಅಣ್ಣ ರಾಘವೇಂದ್ರ ರಾಜ್‌ಕುಮಾರ್ ಬಂದಿದ್ದರು. ಜನ ಹೇಗೆ ಸೇರಿದ್ದರು ಅಂತೀರಿ! ಜಾತ್ರೆ ಅನ್ನಬಹುದಿತ್ತು, ಆದರೆ ಜಾತ್ರೆಯಲ್ಲಿ ಯಾರೂ ಅಳೋದಿಲ್ಲ.

ನನಗೆ ಪುತ್ಥಳಿಗಿಂತ ದೊಡ್ಡದಾಗಿ ಕಾಣೋದು ಕಣ್ಣಿನ ವಿಷಯ. 2006ರಲ್ಲಿ ಅಪ್ಪುವಿನ ತಂದೆ ಡಾ. ರಾಜ್‌ಕುಮಾರ್, ನಮ್ಮ ಅಣ್ಣಾವ್ರ ಕಣ್ಣು ದಾನವಾಗಿತ್ತು. ಹದಿನೈದು ವರ್ಷದ ನಂತರ ಮಗನ ಕಣ್ಣುಗಳು. ಅವುಗಳ ಕಾರ್ನಿಯಾ ಪದರಗಳನ್ನು ಬಿಡಿಸಿ ನಾರಾಯಣ ನೇತ್ರಾಲಯದ ವೈದ್ಯರು ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ಆಮೇಲೆ ರಾಜ್ಯದ ತುಂಬ ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಿದ್ದನ್ನ ಎಲ್ಲರೂ ನೋಡಿದ್ದೀವಿ. ಸಿನಿಮಾ ನಟನ ಮೇಲಿನ ಪ್ರೀತಿ ಇಷ್ಟು ದೂರ ಹೋಗುತ್ತೆ ಅಂತ ನಾನಂತೂ ಎಣಿಸಿರಲಿಲ್ಲ.

ಅಪ್ಪು ಹುಟ್ಟುಹಬ್ಬ, ಮಾರ್ಚ್ 17 ಬಂದರೆ ಪುತ್ಥಳಿ ಇರೋ ಆ ವೃತ್ತಕ್ಕೆ ಹೋಗಿ ಹಾರ ಹಾಕಿ, ಖಂಡಿತ ಹಾಕಿ. ಹಾಗೆಯೇ ನೇತ್ರದಾನದ ಅರ್ಜಿ ಇನ್ನೂ ತುಂಬಿಲ್ಲದವರು ಅದನ್ನೂ ತುಂಬಿ.