ದೀಪಗಳು ಬಿಲ್ಲೆಗಳಾದಾಗ

ಕಾವೇರಿ ಬಯಲಿನ ಗದ್ದೆಗಳಿಗೂ ಕುರಿ ತಳಿಗೂ ಹೆಸರಾದ ಊರು ಟಿ. ನರಸೀಪುರ ತಾಲ್ಲೂಕಿನ ಬನ್ನೂರು. ದೀಪಾವಳಿಯ ಸಂಜೆ ಜಗಲಿಯಲ್ಲಿ ಮನೆಮಂದಿಯ ಫೋಟೊ ತೆಗೆದರೆ ಮುಖಗಳು ಸ್ಪಷ್ಟ, ಹಿಂದಿನ ಬೀದಿಯ ಸರದೀಪಗಳು ಮಾತ್ರ ಬಣ್ಣದ ಬಿಲ್ಲೆಗಳು. ಹತ್ತಿರದ ಮುಖಕ್ಕೆ ಹೊಂದಿಸಿದ ಮಸೂರವು ದೂರದ ಬೆಳಕನ್ನು ಕ್ಯಾಮೆರಾದ ಸಂವೇದಕ ತಲುಪುವ ಮೊದಲೇ ಕೂಡಿಸುತ್ತದೆ. ಕಿರಣಗಳು ಮತ್ತೆ ಹರಡಿ, ಮಸೂರದ ದ್ವಾರದ ಆಕಾರದ ಬಿಲ್ಲೆಗಳಾಗುತ್ತವೆ. ಎಫ್/1.8ರಂತಹ ಅಗಲ ದ್ವಾರವಿದ್ದರೆ ಬಿಲ್ಲೆ ದೊಡ್ಡದು. ಮೊಬೈಲಿನ ಪುಟ್ಟ ಮಸೂರಕ್ಕೆ ಇದು ಕಷ್ಟ. ಅಲ್ಲಿ ಬಹುಪಾಲು ಮಸುಕು ಲೆಕ್ಕಾಚಾರದಿಂದ ಬಂದದ್ದು.

ಫೋಟೊ ನೋಡಿದ ಮಗು “ನನಗೆ ದಿನವೂ ದೀಪಗಳು ಹೀಗೇ ಕಾಣುತ್ತವೆ” ಎಂದರೆ ನಕ್ಕು ಸುಮ್ಮನಾಗಬೇಡಿ. ಸಮೀಪದೃಷ್ಟಿಯ ಕಣ್ಣಿನಲ್ಲೂ ದೂರದ ಬೆಳಕು ಅಕ್ಷಿಪಟಲಕ್ಕೆ ಮೊದಲೇ ಕೂಡುತ್ತದೆ. ಆ ಮಗುವಿಗೆ ಕಪ್ಪುಹಲಗೆಯ ಅಕ್ಷರವೂ ಮಸುಕೇ. ಹಬ್ಬ ಮುಗಿದೊಡನೆ ಕಣ್ಣಿನ ಪರೀಕ್ಷೆ ಮಾಡಿಸಿ. ದೋಷ ಅದೇ ಆಗಿದ್ದರೆ ನಿಮ್ನ ಮಸೂರದ ಕನ್ನಡಕದಿಂದ ಬಿಲ್ಲೆಗಳು ಮತ್ತೆ ದೀಪಗಳಾಗುತ್ತವೆ.